ಕಲ್ಲಾಂಗ್ ದಂಡೆಯ ಪ್ರಾಗ್

ಈ ಕಥೆಯಲ್ಲಿ ಬರುವ ಬಕೆಟ್ಟಿನ ಬಣ್ಣದ ಬಗ್ಗೆ ನನಗೆ ಖಾತ್ರಿಯಿಲ್ಲ. ನನ್ನ ಡೈರಿಯಲ್ಲಿ ನೀಲಿ ಎಂದಿದೆ, ಕಣ್ಣು ಮುಚ್ಚಿದರೆ ಕೆಂಪು ಕಾಣಿಸುತ್ತದೆ. ಡೈರಿ ಬರೆದವಳೂ ನಾನೇ, ಕಣ್ಣು ಮುಚ್ಚುವವಳೂ ನಾನೇ, ಯಾರನ್ನು ನಂಬಲಿ? ಇನ್ನೂ ಕೆಲವು ವಿವರಗಳು ಹೀಗೆ ಅದಲುಬದಲಾಗಿರಬಹುದು. ಆದರೆ ಒಂದು ಮಾತನ್ನು ಆಣೆಯಿಟ್ಟು ಹೇಳಬಲ್ಲೆ. ಪ್ರಾಗ್ ನಗರಕ್ಕೆ ಹೋಗುವ ಮೊದಲೇ ಹತ್ತಾರು ಸಲ ಅಲ್ಲಿ ಅಡ್ಡಾಡಿ, ನಿಜವಾಗಿ ಹೋದಾಗ ಮಾತ್ರ ಅದನ್ನು ನೋಡದೆ ವಾಪಸು ಬಂದವರು ಈ ಭೂಮಿಯ ಮೇಲೆ ಒಬ್ಬರೇ ಒಬ್ಬರು. ಅವರು ನನ್ನ ಸೋದರಮಾವ!

ಎರಡು ಸಾವಿರದ ಹತ್ತರ ದಶಕದ ನಡುವಿನ ವರ್ಷಗಳು. ನಾನು ಚಾಂಗಿ ಬಿಸಿನೆಸ್ ಪಾರ್ಕಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿ, ಜುರಾಂಗ್ ವೆಸ್ಟ್‌ನಲ್ಲಿ ಮಾವ, ಅತ್ತೆಯ ಜೊತೆಗಿದ್ದೆ. ಸಿಂಗಪುರದ ಪಶ್ಚಿಮದ ತುದಿಯಲ್ಲಿ ನಿದ್ದೆ, ಪೂರ್ವದ ತುದಿಯಲ್ಲಿ ಆಫೀಸು. ನಡುವೆ ಎಂಆರ್‌ಟಿ ರೈಲಿನ ಕಿಟಕಿಯಲ್ಲಿ ಇಡೀ ದೇಶ ಅರೆನಿದ್ದೆಯ ಕನಸಿನ ಹಾಗೆ ಹಾದುಹೋಗುತ್ತಿತ್ತು. ಮಾವ ಒಂದು ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್. ಬೆಂಕಿ ಬೀಳುವ ಮೊದಲೇ ಬಿದ್ದಂತೆ ಎಲ್ಲರನ್ನೂ ಮೆಟ್ಟಿಲಿಳಿಸಿ ಓಡಿಸುವುದು ಅವರ ವೃತ್ತಿ. "ಡ್ರಿಲ್ ಮಾಡದೆ ಮಾಡೋ ಕೆಲಸಕ್ಕೆ ಆಕ್ಸಿಡೆಂಟ್ ಅಂತಾರೆ" ಎನ್ನುವುದು ಅವರ ವೇದವಾಕ್ಯ. ನನ್ನನ್ನು ನೋಡಲು ಒಂದು ಗಂಡಿನ ಕಡೆಯವರು ಬರುತ್ತಾರೆಂದಾಗ ಹಿಂದಿನ ದಿನವೇ ಉಪ್ಪಿಟ್ಟಿನ ಡ್ರಿಲ್ ನಡೆದಿತ್ತು. ಗಂಡಿನ ಪಾತ್ರ ಮಾವನದೇ. ಎರಡು ಚಮಚ ತಿಂದು, "ಹುಡುಗಿ ಓಕೆ, ಉಪ್ಪು ರಿಜೆಕ್ಟ್" ಎಂದರು. ಮರುದಿನ ಬಂದ ನಿಜವಾದ ಗಂಡು ಅದನ್ನೇ ತಿರುಗಿಸಿ ಹೇಳಿದ!

ಅತ್ತೆಗೆ ಕಣ್ಣಿನ ತೊಂದರೆಯಿತ್ತು. ನೋಟದ ಅಂಚುಗಳು ವರ್ಷದಿಂದ ವರ್ಷಕ್ಕೆ ಕಪ್ಪಾಗುತ್ತ, ಕೊಳವೆಯೊಳಗಿಂದ ನೋಡಿದ ಹಾಗೆ ನಡುವೆ ಒಂದಿಷ್ಟು ಲೋಕ ಉಳಿದಿತ್ತು. ನೇರ ನೋಡಿದರೆ ನನ್ನ ಮುಖ ಕಾಣುತ್ತಿತ್ತು, ಕಾಲ ಬಳಿಯ ಸ್ಟೂಲು ಕಾಣುತ್ತಿರಲಿಲ್ಲ. ನೋಡಬೇಕಾದ್ದನ್ನು ಮುಂದೂಡಬೇಡಿ ಎಂದು ಡಾಕ್ಟರು ಹೇಳಿದ್ದರು. ಅತ್ತೆ ಕೇಳಿದ್ದು ಒಂದೇ ಊರು, ಪ್ರಾಗ್. ಮೈಸೂರಿನ ಅವರ ತವರುಮನೆಯ ಕ್ಯಾಲೆಂಡರಿನ ಒಂದು ಹಾಳೆಯಲ್ಲಿ ಮಂಜಿನಲ್ಲಿ ಅರ್ಧ ಕರಗಿದ ಆ ಕಲ್ಲುಸೇತುವೆಯಿತ್ತಂತೆ, ಅದರ ಇಕ್ಕೆಲಗಳಲ್ಲಿ ಸಂತರ ವಿಗ್ರಹಗಳು. ವರ್ಷ ಮುಗಿದರೂ ಆ ಹಾಳೆಯನ್ನು ಗೋಡೆಯಿಂದ ತೆಗೆಯಲು ಅತ್ತೆ ಬಿಟ್ಟಿರಲಿಲ್ಲವಂತೆ.

ಬೇರೆ ಯಾವ ಗಂಡನಾದರೂ ಟಿಕೆಟ್ ಬುಕ್ ಮಾಡಿ ಸೂಟ್‌ಕೇಸ್ ಇಳಿಸುತ್ತಿದ್ದ. ಮಾವ ಟಿಕೆಟ್ ಬುಕ್ ಮಾಡಿ ಡ್ರಿಲ್ ಶುರುಮಾಡಿದರು.

ಮೊದಲನೆಯದು ಚಳಿಯ ಡ್ರಿಲ್. ವರ್ಷವಿಡೀ ಬೆವರುವ ಊರಿನಲ್ಲಿ ಚಳಿ ಎಲ್ಲಿಂದ ತರುವುದು? ರೈಲಿನ ಏಸಿಯಲ್ಲಿ! ಭಾನುವಾರ ಬೆಳಿಗ್ಗೆ ಮಾವ ಮೊಣಕಾಲು ಮುಟ್ಟುವ ಉಣ್ಣೆಯ ಕೋಟು, ಮಂಕಿ ಕ್ಯಾಪು, ಕೈಗವಸು ತೊಟ್ಟು ಹೊರಟರು. ಅತ್ತೆಗೂ ಕೋಟು. ನಾನು ಹತ್ತಿರದ ಸಂಬಂಧ ತೋರಿಸಿಕೊಳ್ಳದೆ ಎರಡು ಬಾಗಿಲು ಆಚೆ ನಿಂತಿದ್ದೆ. ಒಬ್ಬ ಕಾಲೇಜು ಹುಡುಗಿ ಗಾಬರಿಯಿಂದ ಎದ್ದು ಸೀಟು ಬಿಟ್ಟುಕೊಟ್ಟಳು.

"ಅಂಕಲ್, ಯು ಓಕೆ ಆರ್ ನಾಟ್? ಫೀವರ್ ಆ?"

"ನೋ, ನೋ. ಗೋಯಿಂಗ್ ಟು ಯುರೋಪ್."

"ಬಟ್ ಅಂಕಲ್, ದಿಸ್ ಟ್ರೇನ್ ಗೋಸ್ ಟು ಪಾಸಿರ್ ರಿಸ್ ಲಾ!"

ಎರಡನೆಯದು ಕಲ್ಲಿನ ಡ್ರಿಲ್. ಪ್ರಾಗ್‌ನ ಹಳೇ ಬೀದಿಗಳಿಗೆ ಗುಂಡುಗಲ್ಲು ಹಾಸಿದ್ದಾರೆಂದು ಮಾವ ಎಲ್ಲೋ ಓದಿದ್ದರು. ಕಾಲಕೆಳಗಿನದೇ ಕಾಣದ ಅತ್ತೆ ಅಂಥ ಕಡೆ ಎಡವಿದರೆ? ಅದೃಷ್ಟಕ್ಕೆ ನಮ್ಮ ಬ್ಲಾಕಿನ ಪಕ್ಕದ ಪಾರ್ಕಿನಲ್ಲಿ ಪಾದದ ಆರೋಗ್ಯಕ್ಕೆಂದು ಬೆಣಚುಕಲ್ಲು ನೆಟ್ಟ ಒಂದು ಪುಟ್ಟ ದಾರಿಯಿತ್ತು. ಮುಂಜಾನೆ ಚೀನೀ ಅಜ್ಜಿಯರು ಅದರ ಮೇಲೆ ಬರಿಗಾಲಲ್ಲಿ "ಅಯ್ಯೋ" ಎನ್ನುತ್ತ ನಡೆಯುತ್ತಿದ್ದರು. ಅವರ ನಡುವೆ ಮಾವ ದಪ್ಪ ಬೂಟು ಹಾಕಿ, ಅತ್ತೆಯ ಮೊಣಕೈ ಹಿಡಿದು, "ಈಗ ಏರು... ಸಂದು ಇದೆ... ಎಡಕ್ಕೆ..." ಎಂದು ಕಾಮೆಂಟರಿ ಕೊಡುತ್ತ ಹೊರಟರು.

"ಅಂಕಲ್, ಶೂ ಮಸ್ಟ್ ಟೇಕ್ ಆಫ್!" ಎಂದು ಒಬ್ಬ ಅಜ್ಜಿ ಗದರಿದಳು.

"ಇನ್ ಪ್ರಾಗ್, ನೋಬಡಿ ಟೇಕಿಂಗ್ ಆಫ್ ಶೂ," ಎಂದರು ಮಾವ ಗಂಭೀರವಾಗಿ.

ಮೂರನೆಯದು ಕಲ್ಲಾಂಗ್ ನದಿಯ ದಂಡೆಯ ಡ್ರಿಲ್. ಅಲ್ಲಿ ನೀರಿನ ಮೇಲೆ ಒಂದು ಕಾಲುಸೇತುವೆಯಿದೆ. ಸಂಜೆ ಬಿಸಿಲು ಮೆತ್ತಗಾದ ಮೇಲೆ ಅಲ್ಲಿ ನಿಂತರೆ ಸ್ಟೇಡಿಯಮ್ಮಿನ ಗುಮ್ಮಟ ನೀರಿನಲ್ಲಿ ತಲೆಕೆಳಗಾಗಿ ತೇಲುತ್ತಿರುತ್ತದೆ. ದೋಣಿಯೊಂದು ಅದನ್ನು ಕೊಯ್ದುಕೊಂಡು ಹೋದರೆ ಮತ್ತೆ ತಾನೇ ಕೂಡಿಕೊಳ್ಳುತ್ತದೆ. ಮಾವ ಆ ಸೇತುವೆಯ ಮೇಲೆ ಪ್ರಾಗ್‌ನ ಮ್ಯಾಪು ಹರಡಿದರು. ಸೇತುವೆ ಸೇತುವೆಯಾಯಿತು, ಗುಮ್ಮಟ ಕೋಟೆಯಾಯಿತು. ವಿಗ್ರಹಗಳು? ಕದಲದೆ ಇರುವವರೆಲ್ಲ ವಿಗ್ರಹಗಳೇ! ಸೆಲ್ಫಿ ತೆಗೆಯುತ್ತಿದ್ದ ಜೋಡಿ ಒಂದು, ಶೂ ಲೇಸು ಕಟ್ಟುತ್ತ ಬಗ್ಗಿದ್ದ ಓಟಗಾರ ಇನ್ನೊಂದು, ದಂಡೆಯಲ್ಲಿ ಪಕ್ಕದಲ್ಲೊಂದು ಬಕೆಟ್ಟಿಟ್ಟುಕೊಂಡು ಮೀನಿಗೆ ಗಾಳ ಹಾಕಿ ಕೂತಿದ್ದ ಮುದುಕ ಕೊನೆಯದು. ಪ್ರಾಗ್‌ನಲ್ಲಿ ಒಬ್ಬ ಸಂತನ ವಿಗ್ರಹದ ಫಲಕ ಮುಟ್ಟಿದರೆ ಮತ್ತೆ ಆ ಊರಿಗೆ ಬರುತ್ತೇವೆ ಎಂಬ ನಂಬಿಕೆಯಿದೆಯಂತೆ. ಆ ಡ್ರಿಲ್ಲನ್ನು ಬಿಡುವುದುಂಟೇ? ಇಬ್ಬರೂ ಮುದುಕನ ಮುಂದೆ ನಿಂತು ಕೈ ಚಾಚಿದರು. ಮುದುಕ ತಿರುಗಿ ನೋಡಿದ.

"ವಾಟ್ ಅಂಕಲ್, ಯು ಪ್ರೇಯಿಂಗ್ ಟು ಮಿ ಆ? ಪ್ರೇ ಫಾರ್ ಮೈ ಫಿಶ್ ಲಾ, ವೋಲ್ ಡೇ ನಥಿಂಗ್!"

ಅಂದಿನಿಂದ ಅವನ ಹೆಸರು ಸಂತ. ಪ್ರತಿ ವಾರ ನಮ್ಮನ್ನು ಕಂಡಾಗ ತಾನೇ ಮೊಣಕಾಲು ಚಾಚುತ್ತಿದ್ದ. ಅತ್ತೆ ಅದನ್ನು ಮೆಲ್ಲಗೆ ತಟ್ಟಿ, "ಇವತ್ತಾದ್ರೂ ಮೀನು ಸಿಗ್ಲಪ್ಪ" ಎಂದು ಕನ್ನಡದಲ್ಲೇ ಹರಸುತ್ತಿದ್ದರು.

"ರೀ, ಸಾಕಲ್ವೇನ್ರೀ ಡ್ರಿಲ್ಲು? ಪ್ರಾಗ್‌ಗೆ ಹೋಗೋ ಹೊತ್ತಿಗೆ ನಂಗೆ ನೋಡೋಕೆ ಕಣ್ಣು ಉಳೀಬೇಕಲ್ಲ," ಎಂದು ಒಂದು ಸಂಜೆ ಅತ್ತೆ ನಗುತ್ತಲೇ ಕೇಳಿದರು. ಮಾವ ಮ್ಯಾಪನ್ನು ತಪ್ಪಾಗಿ ಮಡಚಿ, ಬಿಚ್ಚಿ, ಮತ್ತೆ ತಪ್ಪಾಗಿಯೇ ಮಡಚಿದರು.

ವಸಂತದಲ್ಲಿ ಅವರಿಬ್ಬರೇ ಹೋದರು, ಬಂದರು.

ನಮ್ಮ ಬ್ಲಾಕಿನ ಕನ್ನಡದವರಲ್ಲಿ ಒಂದು ಪದ್ಧತಿಯಿತ್ತು. ಯುರೋಪಿಗೆ ಹೋಗಿಬಂದವರು ಕಟ್ಟಡದ ತಳದ, ಗೋಡೆಯಿಲ್ಲದ ವಾಯ್ಡ್ ಡೆಕ್ಕಿನಲ್ಲಿ ಬಿಳಿ ಬಟ್ಟೆ ಕಟ್ಟಿ ಫೋಟೊ ತೋರಿಸಬೇಕು, ನೋಡುವವರು ಪುಳಿಯೋಗರೆ ತರಬೇಕು. ಇಷ್ಟೊಂದು ಡ್ರಿಲ್ ಮಾಡಿದ ಮನುಷ್ಯ ಏನೇನು ತೋರಿಸುತ್ತಾರೋ ಎಂದು ಎಲ್ಲರೂ ತಟ್ಟೆ ಹಿಡಿದು ಕೂತರು. ಮೊದಲ ಚಿತ್ರ ಬಂತು: ಕಲ್ಲು. ಎರಡನೆಯದು: ಇನ್ನೊಂದು ಕಲ್ಲು. ಆಮೇಲೆ ಒಂದು ಮೆಟ್ಟಿಲು, ಒಂದು ಚರಂಡಿ ಮುಚ್ಚಳ, ಮತ್ತೆ ಕಲ್ಲು, ಕಲ್ಲಿನ ಮೇಲೆ ಅತ್ತೆಯ ಬಿಳಿ ಶೂ.

"ಮಮ್ಮಿ, ದಿಸ್ ಈಸ್ ಅವರ್ ಕಾರ್ ಪಾರ್ಕ್ ಲಾ," ಎಂದಿತು ಒಂದು ಹೆಣ್ಣುಮಗು.

"ಸಾರ್, ಆ ಫೇಮಸ್ ಗಡಿಯಾರ ಎಲ್ಲಿ?" ಎಂದರು ಮೂರನೇ ಮಹಡಿಯ ಆಂಟಿ.

"ಈ ಕಲ್ಲಿದೆಯಲ್ಲ, ಇದರ ನೇರ ಮೇಲೆ."

"ಮತ್ತೆ ಮೇಲೆ ಯಾಕೆ ತೆಗೀಲಿಲ್ಲ?"

"ಗಡಿಯಾರ ಎಡವಿ ಯಾರಾದ್ರೂ ಬಿದ್ದಿದಾರೇನಮ್ಮ?" ಎಂದರು ಮಾವ. "ಕೆಳಗೆ ನೋಡೋ ಡ್ಯೂಟಿ ನಂದು. ಮೇಲೆ ನೋಡೋ ಡ್ಯೂಟಿ ಅವಳ್ದು. ಊರು ಹೆಂಗಿತ್ತು ಅಂತ ಅವಳನ್ನೇ ಕೇಳಿ."

ಅತ್ತೆ ಎದ್ದು ನಿಂತರು. ಪರದೆಯ ಮೇಲೆ ಆ ಬಿಳಿ ಶೂ ಹಾಗೇ ಇತ್ತು. ಅವರು ಹೇಳತೊಡಗಿದರು: ಬೆಳಗಿನ ಮಂಜು, ನದಿಯೇ ಮೇಲೆದ್ದು ನಡೆದು ಬಂದ ಹಾಗೆ, ಗೋಪುರಗಳ ತುದಿಗಳಷ್ಟೇ ತೇಲುತ್ತಿದ್ದವು, ಸೇತುವೆಯ ಮೇಲೆ ಒಬ್ಬೊಬ್ಬರಾಗಿ ಸಂತರು ಹೊರಬಂದರು. ಪುಳಿಯೋಗರೆ ಆರಿತು. ಮಾವ ಎಲ್ಲರಿಗಿಂತ ಮುಂದೆ, ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಆ ಊರಿಗೆ ಹೋಗಿಯೇ ಇಲ್ಲದವರ ಹಾಗೆ ಬಾಯಿ ತೆರೆದು ಕೇಳುತ್ತಿದ್ದರು. ಅತ್ತೆ ಉಸಿರು ತೆಗೆದುಕೊಳ್ಳಲು ನಿಂತಾಗ, "ಆಮೇಲೆ?" ಎಂದರು.

"ಆಮೇಲೆ ಕೊನೇ ಸಂತ," ಎಂದರು ಅತ್ತೆ. "ಎಷ್ಟು ಪಾಪದ ಮುಖ ಅಂತೀರಿ! ಕೂತ್ಕೊಂಡು ನೀರನ್ನೇ ನೋಡ್ತಿದಾನೆ. ಪಕ್ಕದಲ್ಲಿ ಒಂದು ಪುಟ್ಟ ಕೆಂಪು ಬಕೆಟ್ಟು."

ಎಲ್ಲರೂ ಚಪ್ಪಾಳೆ ತಟ್ಟಿದರು. ಮಾವ ತಟ್ಟುತ್ತಲೇ ಇದ್ದರು. ನಾನು ಮಾತ್ರ ಕೈ ಎತ್ತಿದವಳು ಹಾಗೇ ನಿಂತೆ.

ಕೆಲವು ವಾರಗಳ ನಂತರ ಮೂವರೂ ಮತ್ತೆ ಕಲ್ಲಾಂಗ್‌ಗೆ ಹೋದೆವು. ಡ್ರಿಲ್ ಇಲ್ಲದ ಮೊದಲ ಸಂಜೆ. ಮಾವ ನಾಲ್ಕು ಹೆಜ್ಜೆ ಮುಂದೆ, ಅಭ್ಯಾಸಬಲದಿಂದ ನೆಲ ನೋಡುತ್ತ ನಡೆಯುತ್ತಿದ್ದರು. ಅತ್ತೆ ನನ್ನ ತೋಳು ಹಿಡಿದಿದ್ದರು. ನೀರಿನ ಮೇಲೆ ಬೆಳಕು ಒಡೆಯುತ್ತ, ಕೂಡುತ್ತ ಇತ್ತು. ಮಾವನಿಗೆ ಕೇಳಿಸದ ಹಾಗೆ ನಾನು ಅತ್ತೆಗೆ ಒಂದು ಪ್ರಶ್ನೆ ಕೇಳಿದೆ. ಅತ್ತೆ ನನ್ನ ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, ಮುಖವನ್ನು ನೀರಿನ ಕಡೆ ತಿರುಗಿಸಿದರು. ಅಂದಿನ ಡೈರಿಯಲ್ಲಿ ಪ್ರಶ್ನೆ ಇದೆ, ಅದರ ಕೆಳಗಿನ ಸಾಲು ಇನ್ನೂ ಖಾಲಿಯಿದೆ:

"ಅತ್ತೆ, ಪ್ರಾಗ್‌ನಲ್ಲಿ ನಿಜವಾಗ್ಲೂ ನಿಮಗೆ ಎಷ್ಟು ಕಾಣಿಸ್ತು?"