ಒಣಗಲು ಹಾಕಿದ ನಕ್ಷತ್ರ

ಕಿಲಿಯಾನ್ ಆ ಶನಿವಾರ ಬೆಳಿಗ್ಗೆ ಮಾಡಿದ ತಪ್ಪು ಇಷ್ಟೆ. ಹೊಸದಾಗಿ ಬಣ್ಣ ಬಳಿದ ಮರದ ನಕ್ಷತ್ರವನ್ನು ಒಣಗಲೆಂದು ಬೀದಿಬಾಗಿಲ ಮೇಲಿನ ಕೊಕ್ಕೆಗೆ ಸಿಕ್ಕಿಸಿ, ಕಾಫಿ ಕಾಯಿಸಲು ಒಳಗೆ ಹೋದ. ಹಿತ್ತಿಲಲ್ಲಿ ಕೊಕ್ಕೆ ಇರಲಿಲ್ಲ. ಇದ್ದಿದ್ದರೆ ಈ ಕತೆಯೂ ಇರುತ್ತಿರಲಿಲ್ಲ.

ಹೋಲ್‌ಬಾಖ್ ಎಂಬ ಆ ಹಳ್ಳಿಯಲ್ಲಿ ಬಾಗಿಲ ಮೇಲೆ ನಕ್ಷತ್ರ ಕಂಡರೆ ಅದಕ್ಕೆ ಒಂದೇ ಅರ್ಥ: ಈ ಮನೆಯಲ್ಲಿ ಬಿಯರ್ ಹದಕ್ಕೆ ಬಂದಿದೆ, ಬಂದು ಕೂರಿ. ಊರಿಗೆಲ್ಲ ಸೇರಿದ ಒಂದೇ ಭಟ್ಟಿಮನೆಯಲ್ಲಿ ಸರದಿ ಪ್ರಕಾರ ಕುದಿಸುವುದು, ತಂತಮ್ಮ ನೆಲಮಾಳಿಗೆಯಲ್ಲಿ ಹುದುಗಿಸುವುದು, ತಂತಮ್ಮ ನಡುಮನೆಯಲ್ಲೇ ಬಡಿಸುವುದು. ಬಂದವರನ್ನು ಯಾರೂ ಹಿಂದಕ್ಕೆ ಕಳಿಸುವಂತಿಲ್ಲ. ಜನ ಕೂತಿರುವಾಗಲೇ ನಕ್ಷತ್ರ ಇಳಿಸಿದರೆ ಆ ಮನೆ ಅದನ್ನು ಮತ್ತೆಂದೂ ಏರಿಸುವಂತಿಲ್ಲ.

ಕಾಫಿ ಉಕ್ಕುವಷ್ಟರಲ್ಲಿ ಅಂಚೆಯ ಅಲೋಯಿಸ್ ನಡುಮನೆಯ ಬೆಂಚಿನ ಮೇಲೆ ಕೂತು ಬೂಟಿನ ದಾರ ಸಡಿಲ ಮಾಡಿಕೊಳ್ಳುತ್ತಿದ್ದ.

"ಬಣ್ಣ ಒಣಗಲಿ ಅಂತ ಹಾಕಿದ್ದು ಕಣೋ ಅದು," ಎಂದ ಕಿಲಿಯಾನ್.

"ನನ್ನ ಗಂಟಲೂ ಒಣಗಿದೆ. ಇಬ್ಬರ ಕೆಲಸವೂ ಆಗಲಿ ಬಿಡು."

"ಮುಂದಿನ ಶನಿವಾರ ಅಂತ ಹೇಳಿದ್ದೆನಲ್ಲ."

"ನೀನು ಹೇಳಿದ್ದೆ. ನಕ್ಷತ್ರ ಬೇರೆ ಹೇಳ್ತಿದೆ. ಬರೋ ದಾರೀಲಿ ನಾಲ್ಕು ಮನೆಗೆ ತಿಳಿಸಿ ಬಂದಿದೀನಿ, ಪಾಪ ನಿನಗೆ ಸಹಾಯ ಆಗಲಿ ಅಂತ."

ಕಿಲಿಯಾನ್ ಕಾಫಿಯನ್ನು ಒಲೆಯಿಂದ ಇಳಿಸಿ ಹಾಗೇ ಮರೆತ. ಇದು ಬರೀ ಬಡಿಸುವ ಮಾತಾಗಿರಲಿಲ್ಲ. ಹೊಸದಾಗಿ ಬಿಯರ್ ಮಾಡಿದವನ ಮೊದಲ ಮಗ್ಗನ್ನು ಊರಿನ ಹಿರಿಯಳಾದ ಬಾಬೆಟ್ ಅಜ್ಜಿ ಕುಡಿಯಬೇಕು. ಅವಳು ಖಾಲಿ ಮಾಡಿ ಮೇಜಿನ ಮೇಲೆ ಬೋರಲು ಹಾಕಿದರೆ ಸರದಿ ಆ ಮನೆಯಲ್ಲೇ ಉಳಿಯುತ್ತದೆ. ಅರ್ಧಕ್ಕೆ ಬಿಟ್ಟರೆ ನಕ್ಷತ್ರದ ಸಮೇತ ಪಕ್ಕದ ಮನೆಗೆ ಹೋಗುತ್ತದೆ. ಮದುವೆಯಿಲ್ಲದೆ, ಮಕ್ಕಳಿಲ್ಲದೆ, ಬಿಯರೊಂದನ್ನೇ ಸಾಕಿಕೊಂಡಿದ್ದ ವಾಲ್ಲಿ ಅತ್ತೆ ಸಾಯುವ ಮುಂಚೆ ಅವನ ಕೈ ಹಿಡಿದು, "ನಕ್ಷತ್ರ ಈ ಬಾಗಿಲು ಬಿಡದ ಹಾಗೆ ನೋಡ್ಕೋ ಮಗಾ," ಎಂದಿದ್ದಳು. ಮನೆಯನ್ನು ಬರೆದುಕೊಟ್ಟದ್ದೂ ಆ ಒಂದೇ ಮಾತಿನ ಮೇಲೆ.

ಗಾಜಿನ ಕಾರ್ಖಾನೆಯಲ್ಲಿ ಲೋಟಗಳನ್ನು ಬೆಳಕಿಗೆ ಹಿಡಿದು ಬಿರುಕು ಹುಡುಕುವುದು ಕಿಲಿಯಾನನ ಕೆಲಸ. ಲೋಟದ ಒಳಗಿನದರ ಬಗ್ಗೆ ಅವನಿಗಿದ್ದ ತಿಳಿವಳಿಕೆಯೆಲ್ಲ ಕುಡಿದು ಬಂದದ್ದು. ಈಸ್ಟರಿನ ಮುಂಚಿನ ಉಪವಾಸಕ್ಕೆ ಬ್ರೆಡ್ಡಿನಷ್ಟು ಗಟ್ಟಿಯಾದ ಕಪ್ಪು ಬಿಯರ್, ಮೇ ತಿಂಗಳಿಗೆ ಜೇನುಬಣ್ಣದ್ದು, ಹುಲ್ಲು ಕೊಯ್ಯುವಾಗ ಕಮ್ಮಾರನ ಮನೆಯ ತೆಳುವಾದದ್ದು, ಆಲೂಗಡ್ಡೆ ಅಗೆಯುವ ಹೊತ್ತಿಗೆ ಗಿರಣಿಯವರ ಮನೆಯ ಕೆಂಪನೆಯದು. ಕ್ಯಾಲೆಂಡರ್ ಹರಿದುಹೋದರೂ ಅವನ ನಾಲಿಗೆ ತಿಂಗಳು ಹೇಳುತ್ತಿತ್ತು. ಆದರೆ ಅತ್ತೆ ಬರೆದಿಟ್ಟ ಚೀಟಿ ನೋಡಿಕೊಂಡು ತಾನೇ ಕುದಿಸಿದ್ದು ಇದೇ ಮೊದಲು. ಫೆಬ್ರವರಿಯ ಮೊದಲಲ್ಲಿ ಒಂದು ಚಮಚ ರುಚಿ ನೋಡಿದ್ದ. ಎಳಸಾಗಿ, ಮಬ್ಬಾಗಿ, ಆದರೂ ಆಸೆ ಹುಟ್ಟಿಸುವಂತಿತ್ತು. ಮುಚ್ಚಳ ಪದೇ ಪದೇ ತೆಗೆಯಬಾರದೆಂಬ ಅತ್ತೆಯ ಮಾತಿಗೆ ಹೆದರಿ ಆಮೇಲೆ ಹತ್ತಿರವೇ ಹೋಗಿರಲಿಲ್ಲ.

ಒಂದು ವಾರ ಮುಂಚೆ ಆದರೇನು, ಹದ ಬಂದಿರಬಹುದು ಎಂದು ಧೈರ್ಯ ತಂದುಕೊಂಡು ನೆಲಮಾಳಿಗೆಗೆ ಇಳಿದ. ಬೆಟ್ಟದ ಬಂಡೆ ಕೊರೆದು ಮಾಡಿದ ನೆಲಮಾಳಿಗೆ ಅದು. ಅವನ ಪಾಲಿಗೂ ಪಕ್ಕದ ಮನೆಯ ಶೋರ್ಶ್‌ನ ಪಾಲಿಗೂ ನಡುವೆ ಇದ್ದದ್ದು ಹಲಗೆಯ ತಡಿಕೆ ಮಾತ್ರ. ಪೀಪಾಯಿಯ ನಲ್ಲಿ ತಿರುಗಿಸಿ ಒಂದು ಗುಟುಕು ಬಾಯಿಗೆ ಹಾಕಿಕೊಂಡ.

ಕಿಟಕಿ ಗಾಜು ಒರೆಸುವ ವಿನೆಗರ್‌ನಷ್ಟು ಹುಳಿ.

ಮೇಲಿಂದ ಬೆಂಚು ಎಳೆಯುವ ಸದ್ದು, ನಗು, ಕೊನೆಗೆ ಊರುಗೋಲಿನ ಟಕಟಕ ಕೇಳಿಸಿತು. ಬಾಬೆಟ್ ಅಜ್ಜಿಯೂ ಬಂದಾಯಿತು.

ಕಿಲಿಯಾನ್ ಹಿತ್ತಿಲ ಬೇಲಿ ಹಾರಿದ. ಪ್ಯಾಂಟು ಬೇಲಿಗೆ ಸಿಕ್ಕಿ ಸ್ವಲ್ಪ ಭಾಗ ಅಲ್ಲೇ ಉಳಿಯಿತು. ಇಪ್ಪತ್ತು ವರ್ಷದಿಂದ ಬಿಯರ್ ಮಾಡುವ ಶೋರ್ಶ್ ಅಂಗಳದಲ್ಲಿ ಸೌದೆ ಒಡೆಯುತ್ತಿದ್ದ. ಅವನ ಸರದಿ ಮುಗಿದು ನಕ್ಷತ್ರ ಇಳಿದು ವಾರವಾಗಿತ್ತು. ಈ ಸಲ ಅವನ ಬಿಯರನ್ನು ಊರೇ ಹೊಗಳಿತ್ತು, ಎಲ್ಲರಿಗಿಂತ ಹೆಚ್ಚಾಗಿ ಕಿಲಿಯಾನ್. ಇಂಥದ್ದು ತನ್ನ ಕೈಯಲ್ಲಿ ಹುಟ್ಟುವುದುಂಟೇ ಎಂದು ಅಲ್ಲೇ ಕೂತು ನಿಟ್ಟುಸಿರು ಬಿಟ್ಟಿದ್ದ.

"ಶೋರ್ಶ್, ನನ್ನ ಬಿಯರ್ ಹುಳಿಯಾಗೋಗಿದೆ."

ಶೋರ್ಶ್‌ನ ಕೊಡಲಿ ಕೊರಡಿನಲ್ಲೇ ಸಿಕ್ಕಿಕೊಂಡಿತು. ಮುಖ ಗೋಡೆಯ ಸುಣ್ಣದಂತಾಯಿತು. "ಹುಳೀನಾ? ಈಗಲೇ ನೋಡಿದ್ಯಾ?"

"ನಿಂದೊಂದು ಪೀಪಾಯಿ ಉಳಿದಿದೆ ಅಂತಿದ್ಯಲ್ಲ, ಕೊಡು. ಎಷ್ಟಾದರೂ ಕೊಡ್ತೀನಿ."

"ದುಡ್ಡಿನ ಮಾತೇ ಬೇಡ. ತಗೊಂಡು ಹೋಗು ಮಾರಾಯ. ನಾನೇ ಹೊತ್ತು ತರ್ತೀನಿ. ನೀನು ಯಾಕೆ ಭಾರ ಎತ್ತೋದು."

ಇಂಥ ನೆರೆಮನೆಯವನು ಯಾರಿಗುಂಟು ಎಂದು ಕಿಲಿಯಾನನ ಕಣ್ಣು ತುಂಬಿತು. ಶೋರ್ಶ್ ಪೀಪಾಯಿಯನ್ನು ಹಿತ್ತಿಲಿಂದ ಇಳಿಸಿಕೊಟ್ಟು, ಏನೂ ಅರಿಯದವನಂತೆ ಬೀದಿಬಾಗಿಲಿಂದ ಬಂದು ಕೂತ.

ನಡುಮನೆ ತುಂಬಿತ್ತು. ಬಾಬೆಟ್ ಅಜ್ಜಿ ಮಗ್ಗನ್ನು ಎರಡೂ ಕೈಯಲ್ಲಿ ಹಿಡಿದು ಮೂಸಿದಳು. ಒಂದು ಗುಟುಕು. ಇನ್ನೊಂದು. ಆಮೇಲೆ ನಿಲ್ಲಿಸಲೇ ಇಲ್ಲ. ಮಗ್ಗು ಬೋರಲಾಗಿ ಮೇಜಿಗೆ ಬಡಿದಾಗ ಅಲೋಯಿಸ್ ಶಿಳ್ಳೆ ಹಾಕಿದ.

"ವಾಲ್ಲಿ," ಎಂದಳು ಅಜ್ಜಿ, ಏಪ್ರನ್ನಿನ ಅಂಚಿನಿಂದ ಕಣ್ಣೊರೆಸಿಕೊಳ್ಳುತ್ತ. "ಇದು ವಾಲ್ಲಿ ಕೈಯೇ. ಅವಳು ಹೋದಳು ಅಂದ್ಕೊಂಡಿದ್ದೆ. ಹೋಗಿಲ್ಲ. ಬಾ ಮಗಾ, ಹತ್ತಿರ ಬಾ."

ಬೈದಿದ್ದರೆ ಕಿಲಿಯಾನ್ ತಡೆದುಕೊಳ್ಳುತ್ತಿದ್ದ. ಆ ಒದ್ದೆಗಣ್ಣನ್ನು ನೋಡಿ ತಡೆದುಕೊಳ್ಳಲಾಗಲಿಲ್ಲ.

"ಅಜ್ಜಿ, ಒಂದು ಮಾತು..."

ಮೇಜಿನ ಕೆಳಗಿಂದ ಶೋರ್ಶ್ ಅವನ ಕಾಲಿಗೆ ಒದ್ದ. "ಸುಮ್ನಿರೋ," ಎಂದು ಪಿಸುಗುಟ್ಟಿದ.

"ಇದು ನಂದಲ್ಲ. ಶೋರ್ಶಂದು. ನಂದು ಹುಳಿಯಾಗಿದೆ."

ಅಜ್ಜಿ ಬೋರಲು ಹಾಕಿದ್ದ ಮಗ್ಗನ್ನು ಎತ್ತಿ ನೆಟ್ಟಗೆ ನಿಲ್ಲಿಸಿದಳು.

"ನಿಜ ಹೇಳಿದೆ. ಅದಕ್ಕೆ ನಿನ್ನ ಬೈಯಲ್ಲ," ಎಂದಳು. "ಆದರೆ ಸರದಿ ಕೊಡೋದು ಬಿಯರಿಗೆ ಕಣಪ್ಪ, ನಿಜಕ್ಕಲ್ಲ." ನಂತರ ಶೋರ್ಶ್‌ನ ಕಡೆ ತಿರುಗಿ, "ಅರವತ್ತು ವರ್ಷದ ಸ್ನೇಹಿತೆ ನಾನು, ನನಗೇ ಹೇಳದ ಗುಟ್ಟನ್ನ ವಾಲ್ಲಿ ನಿನಗೆ ಹೇಳಿ ಹೋದಳಾ?"

ಶೋರ್ಶ್‌ನ ಹೆಂಡತಿ ಗಂಡನನ್ನು ಹೊಸಬನನ್ನು ನೋಡುವಂತೆ ನೋಡಿದಳು.

ಶೋರ್ಶ್ ಕಿಲಿಯಾನನ ತೋಳು ಹಿಡಿದು ಅಡಿಗೆಮನೆಗೆ ಎಳೆದುಕೊಂಡು ಹೋದ. "ಎಂಥ ಪೆದ್ದನೋ ನೀನು. ಒಪ್ಪಿಸಿಕೊಂಡು ಸುಮ್ಮನಿರಬಾರದಿತ್ತಾ?"

"ನಿನ್ನ ಬಿಯರಿಗೆ ನಾನು ಹೊಗಳಿಸಿಕೊಳ್ಳಲಾ?"

"ನಂದಲ್ಲ ಅದು," ಎಂದ ಶೋರ್ಶ್ ನೆಲ ನೋಡುತ್ತ. "ನಿಂದೇ. ಫೆಬ್ರವರೀಲಿ ನಂದು ಹುಳಿಯಾಯ್ತು. ಇಪ್ಪತ್ತು ವರ್ಷ ಮಾಡಿದವನು, ಯಾವ ಮುಖ ಇಟ್ಕೊಂಡು ಹೇಳೋದು? ತಡಿಕೆ ಸಂದೀಲಿ ಪೈಪು ತೂರಿಸಿ ನಿಂದು ಈ ಕಡೆ ಎಳ್ಕೊಂಡೆ, ನಂದು ಆ ಕಡೆ ತುಂಬಿಸಿದೆ. ನಿನಗೆ ಹೇಳಬೇಕು ಅಂತ ದಿನಾ ಅಂದ್ಕೊಳ್ತಿದ್ದೆ. ನೀನು ಮುಂದಿನ ವಾರ ತಾನೇ ತೆಗೆಯೋನಿದ್ದೆ."

ಕಿಲಿಯಾನನಿಗೆ ಸಿಟ್ಟು ಬರುವ ಮೊದಲು ಬಂದದ್ದು ಇನ್ನೊಂದೇ. "ಹಾಗಾದರೆ, ಅಷ್ಟು ಚೆನ್ನಾಗಿರೋದು ನಾನು ಮಾಡಿದ್ದಾ?"

"ನೀನೇ ಕಣೋ ಕರ್ಮ."

ಸಿಟ್ಟು ಆಮೇಲೆ ಬಂತು. ಅವನು ಏನೂ ಹೇಳಬೇಕಾಗಲಿಲ್ಲ. ಶೋರ್ಶ್ ಒಳ್ಳೆಯವನೇ, ಪುಕ್ಕಲ ಅಷ್ಟೆ. ನೇರ ನಡುಮನೆಗೆ ಹೋಗಿ, ಟೋಪಿ ತೆಗೆದು, ಪೈಪು, ತಡಿಕೆ, ಹುಳಿ ಎಲ್ಲವನ್ನೂ ಊರಿನ ಮುಂದೆ ಒಪ್ಪಿಕೊಂಡ.

ಯಾರೂ ನಂಬಲಿಲ್ಲ.

"ಕಿಲಿಯಾನನ ಪೀಪಾಯಿಂದ ಒಂದು ಮಗ್ಗು ತನ್ನಿ," ಎಂದಳು ಬಾಬೆಟ್ ಅಜ್ಜಿ. ತಂದರು. ತುಟಿಗೆ ಸೋಕಿಸಿದಳು. ಮುಖದ ಸುಕ್ಕುಗಳೆಲ್ಲ ಒಂದೆಡೆ ಸೇರಿ ಮತ್ತೆ ಚದುರಿದವು.

"ಇದು ಕಿಲಿಯಾನಂದೇ. ಮೊದಲ ಸಲ ಮಾಡಿದವನ ಕೈ. ನಾಲಿಗೆ ಮೇಲಿಟ್ಟ ತಕ್ಷಣ ಗೊತ್ತಾಗುತ್ತೆ, ಇದರಲ್ಲಿ ಮುಚ್ಚಿಡೋದು ಏನೂ ಇಲ್ಲ. ಇಪ್ಪತ್ತು ವರ್ಷ ಪಳಗಿದವನು ಇಂಥದ್ದು ಮಾಡಬೇಕು ಅಂದರೂ ಆಗಲ್ಲ."

ತಪ್ಪೊಪ್ಪಿಕೊಂಡಾಗಲೂ ಶೋರ್ಶ್‌ನ ಮುಖ ಅಷ್ಟು ಕೆಂಪಾಗಿರಲಿಲ್ಲ.

"ಸ್ನೇಹಿತನ ಮಾನ ಉಳಿಸೋಕೆ ಕಳ್ಳ ಅನ್ನಿಸಿಕೊಳ್ಳೋಕೂ ತಯಾರಾದೆಯಲ್ಲೋ," ಎಂದು ಅಜ್ಜಿ ಶೋರ್ಶ್‌ನ ಕೆನ್ನೆ ತಟ್ಟಿದಳು. "ಒಳ್ಳೆ ಬಿಯರು, ಒಳ್ಳೆ ಮನಸ್ಸು. ಸರದಿ ನಿಂದು. ಈಸ್ಟರಿಗೆ ಇದೇ ಬೇಕು ನನಗೆ, ಒಂದು ಹನಿ ಆ ಕಡೆ ಈ ಕಡೆ ಆಗಬಾರದು. ಕಿಲಿಯಾನ್, ನೀನು ಅವನ ಪಕ್ಕ ನಿಂತು ಕಲ್ತ್ಕೋ."

ನಕ್ಷತ್ರವನ್ನು ಇಳಿಸಿ ಪಕ್ಕದ ಬಾಗಿಲಿಗೆ ಏರಿಸುವಾಗ ಏಣಿ ಹಿಡಿದದ್ದು ಶೋರ್ಶ್, ಮೇಲೆ ಹತ್ತಿದ್ದು ಕಿಲಿಯಾನ್. ಬಣ್ಣ ಇನ್ನೂ ಒಣಗಿರಲಿಲ್ಲ, ಅವನ ಹತ್ತೂ ಬೆರಳಿಗೆ ಹತ್ತಿತು.

"ಹಾಗಾದರೆ ಕಲಿಯೋಕೆ ಯಾವಾಗ ಬರಲಿ?" ಎಂದು ಮೇಲಿನಿಂದ ಕೇಳಿದ.

ಶೋರ್ಶ್ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಸ್ವಲ್ಪ ಬೇಗನೇ ಬಾ ಮಾರಾಯ. ನಿನ್ನ ಬಿಯರಿಗೆ ಮೊದಲು ಏನು ಹಾಕ್ಬೇಕು ಅನ್ನೋದೇ ನನಗೆ ಗೊತ್ತಿಲ್ಲ."