ಟಾಕಿಯೊಳಗಿಂದ ಮೂರು ಸೀಟಿ

ಆಪತ್ತಿನಲ್ಲಿ ಸಿಕ್ಕವನು ಸಹಾಯಕ್ಕೆ ಹೇಗೆ ಸಂಕೇತ ಕೊಡಬೇಕು ಎಂಬ ವಿಷಯದಲ್ಲಿ ಇಡೀ ಬೀದರ್ ಶಹರದಲ್ಲಿ ನನ್ನಷ್ಟು ಬಲ್ಲವರಿಲ್ಲ ಎಂದು ನಾನು ನಂಬಿದ್ದೆ. ಮಾಸ್ತರರಿಗೆಲ್ಲ ನಡೆದ ಸುರಕ್ಷತಾ ತರಬೇತಿಯಲ್ಲಿ ಮೊದಲ ಸಾಲಿನಲ್ಲಿ ಕೂತು, ನಿದ್ದೆ ಮಾಡದೆ ಕೇಳಿದವನು ನಾನೊಬ್ಬನೇ! ಮೂರು ಸಲ ಸೀಟಿ ಊದಬೇಕು. ಕೆಂಪು ಬಟ್ಟೆ ಬೀಸಬೇಕು. ಯಾವುದೂ ಆಗದಿದ್ದರೆ ಮೂರು ಸಲ ಬಡಿಯಬೇಕು. ಕೂಗಿ ದಮ್ಮು ಕಳೆದುಕೊಳ್ಳಬಾರದು. ಅಂದಿನಿಂದ ನನ್ನ ಕೊರಳಲ್ಲಿ ಸದಾ ಒಂದು ಸೀಟಿ.

ಆ ಭಾನುವಾರ ಮಗಳನ್ನು ನೋಡಲು ಔರಾದದಿಂದ ಗಂಡಿನ ಕಡೆಯವರು ಬರುವವರಿದ್ದರು. ಹುಡುಗ ಭಾಲ್ಕಿಯಲ್ಲಿ ದನದ ಡಾಕ್ಟರು. ಫೋಟೋ ನೋಡಿದಾಗಿನಿಂದ ಮಗಳು ತನ್ನಷ್ಟಕ್ಕೆ ನಗುತ್ತಿದ್ದಳು. ಹೀಗಾಗಿ ಏನೂ ಹೆಚ್ಚುಕಡಿಮೆ ಆಗುವಂತಿರಲಿಲ್ಲ. ಮನೆಯೆಲ್ಲ ತೊಳೆದಾಗಿತ್ತು. ಉಳಿದದ್ದು ಮಾಳಿಗೆಯ ಮೇಲಿನ ಸಿಮೆಂಟಿನ ನೀರಿನ ಟಾಕಿ.

"ಟಾಕಿ ತೊಳೀಲಾಕ ಯಾರನ್ನರೆ ಕರೀರಿ," ಎಂದಳು ಹೆಂಡತಿ ಸುಮಂಗಲಾ.

"ಯಾಕ? ಮನ್ಯಾಗ ನಾ ಇಲ್ಲೇನು?"

"ಇಳೀತೀರಿ ಖರೆ. ಮ್ಯಾಲ ಹ್ಯಾಂಗ ಬರ್ತೀರಿ?"

ಇಂಥ ಪ್ರಶ್ನೆಗಳಿಗೆ ನಾನು ಉತ್ತರ ಕೊಡುವುದಿಲ್ಲ. ಫೋನು ನೀರಿಗೆ ಬೀಳಬಾರದೆಂದು ಅಡುಗೆಮನೆಯಲ್ಲಿಟ್ಟು, ಹೆಗಲ ಮೇಲೆ ಕೆಂಪು ಟವೆಲ್ಲು, ಕೈಯಲ್ಲಿ ಕಸಬರಿಗೆ ಹಿಡಿದು ಟಾಕಿಯೊಳಗೆ ಒಂದು ಪ್ಲಾಸ್ಟಿಕ್ ಸ್ಟೂಲು ಇಳಿಬಿಟ್ಟೆ. ಅದರ ಮೇಲೆ ಕಾಲಿಟ್ಟೆ. ಸ್ಟೂಲು ನನ್ನ ತೂಕವನ್ನು ಒಪ್ಪಲಿಲ್ಲ. ಅದರ ಎರಡು ಕಾಲು ಮುರಿದವು, ದೇವರ ದಯೆಯಿಂದ ನನ್ನವು ಉಳಿದವು!

ಆದರೂ ಟಾಕಿಯನ್ನು ಕನ್ನಡಿಯಂತೆ ಉಜ್ಜಿದೆ. ಆಮೇಲೆ ಹೊರಗೆ ಬರಬೇಕಲ್ಲ? ಕೈ ಎತ್ತಿದರೆ ಟಾಕಿಯ ಬಾಯಿ ಸಿಗುತ್ತಿತ್ತು. ಜೋತುಬಿದ್ದೆ. ಕೈಗಳು ಮೇಲಕ್ಕೆಳೆದವು, ಹೊಟ್ಟೆ ಕೆಳಕ್ಕೆಳೆಯಿತು. ಹೊಟ್ಟೆ ಗೆದ್ದಿತು.

ಬೇರೆ ಯಾರಾದರೂ ಆಗಿದ್ದರೆ ಗಾಬರಿಯಾಗುತ್ತಿದ್ದರು. ನನಗೆ ಖುಷಿಯೇ ಆಯಿತು! ತರಬೇತಿ ಸಾರ್ಥಕವಾಗುವ ಗಳಿಗೆ ಬಂದೇಬಿಟ್ಟಿತು! ಉಸಿರು ತುಂಬಿಕೊಂಡು ಮೂರು ಸಲ ಸೀಟಿ ಊದಿದೆ.

ಇಡೀ ಗಲ್ಲಿಯ ಬಾಗಿಲುಗಳು ಧಡಧಡ ತೆರೆದವು. ಹೆಂಗಸರೆಲ್ಲ ಓಡಿ ಬಂದ ಸಪ್ಪಳ. ಎಂಥಾ ಜನ ನಮ್ಮವರು ಎಂದು ಕಣ್ಣು ತುಂಬಿ ಬಂದವು. ಅಷ್ಟರಲ್ಲಿ ಸುಮಂಗಲಾಳ ದನಿ ಕೇಳಿಸಿತು.

"ಕಚರಾ ಗಾಡಿ ಎಲ್ಲದರೀ? ಸೀಟಿ ಹೊಡ್ದು ಎಲ್ಲಿ ಹೋದ ಇವ?"

ಕಸದ ಬುಟ್ಟಿ ಹಿಡಿದು ನಿಂತ ಹೆಂಗಸರೆಲ್ಲ ಕಾಣದ ಗಾಡಿಯವನನ್ನು ಬೈದು ಒಳಗೆ ಹೋದರು.

ಚಿಂತೆಯಿಲ್ಲ. ಕೆಂಪು ಟವೆಲ್ಲನ್ನು ಕಸಬರಿಗೆಗೆ ಕಟ್ಟಿ, ಟಾಕಿಯ ಬಾಯಿಂದ ಹೊರಗೆ ತೂರಿಸಿ ಬೀಸತೊಡಗಿದೆ. ಪಕ್ಕದ ಮಾಳಿಗೆಯ ಮೇಲೆ ಖದೀರ್ ಚಾಚಾ ಪಾರಿವಾಳ ಸಾಕಿದ್ದಾರೆ. ಅವರೂ ಹಾರಿದ ಪಾರಿವಾಳಗಳನ್ನು ಹೀಗೆಯೇ ಕೋಲಿಗೆ ಬಟ್ಟೆ ಕಟ್ಟಿ ಬೀಸಿ ವಾಪಸ್ ಕರೆಯುವುದು ಎಂಬುದು ನನಗೆ ಆ ಕ್ಷಣ ಹೊಳೆಯಲೇ ಇಲ್ಲ. ಫಡಫಡನೆ ಪಾರಿವಾಳಗಳು ಬಂದು ಟಾಕಿಯ ಮೇಲೆ ಕೂತವು. ಒಂದು ನೇರವಾಗಿ ನನ್ನ ತಲೆಯ ಮೇಲೆ!

"ಅರೇ! ನನ್ನ ಕಬೂತರ್ ಯಾರ್ ಹಿಡೀಲತ್ತಾರ ಅಲ್ಲಿ? ಠೈರೋ, ಬಂದೆ!" ಚಾಚಾ ಗರ್ಜಿಸಿದರು.

ಗಾಬರಿಗೆ ಕೊನೆಯ ಅಸ್ತ್ರ ಬಿಟ್ಟೆ. ಗೋಡೆಗೆ ಮೂರು ಸಲ ಢಂ ಢಂ ಢಂ ಎಂದು ಬಡಿದೆ. ಕೆಳಗೆ ಸುಮಂಗಲಾ ಮಗಳಿಗೆ ಹೇಳಿದ್ದು ಪೈಪಿನ ಗುಂಟ ಸ್ಪಷ್ಟವಾಗಿ ಕೇಳಿತು.

"ಅಪ್ಪಾಂದು ತೊಳ್ಯೋದು ಮುಗೀತವ್ವ, ಬಡೀಲತ್ತಾರ ನೋಡು. ಮೋಟಾರ್ ಹಚ್ಚು!"

ಧೋ ಎಂದು ನೀರು ಬಂತು! ಮೊಣಕಾಲು ಮುಳುಗಿತು. ಸೊಂಟ ಮುಳುಗಿತು. ನನಗೆ ಈಜು ಬಾರದು. ನೀರು ಎದೆಮಟ್ಟಕ್ಕೆ ಏರುತ್ತಿದ್ದಾಗ ಮೇಲೆ ಚಾಚಾರ ಗಡ್ಡ ಕಾಣಿಸಿತು.

"ಮಾಸ್ತರ್ ಸಾಬ್! ನೀವಾ? ಒಳಗ ಏನ್ ಮಾಡ್ಲತ್ತೀರಿ?"

"ಚಾಚಾ, ನೀರು! ನೀರು!"

"ನೀರು ಬೇಕಾ? ತರ್ತೀನಿ, ಠೈರಿ."

"ಬ್ಯಾಡ್ರೀ! ಯವ್ವಾ! ಸತ್ತೆ! ಸುಮಾ!" ಎಂದು ತರಬೇತಿಯನ್ನೆಲ್ಲ ಮರೆತು ಒದರಿದೆ.

ಮೋಟಾರು ನಿಂತಿತು. ಸುಮಂಗಲಾ ಎದ್ದುಬಿದ್ದು ಮಾಳಿಗೆ ಏರಿ ಬಂದಳು. ಅವಳ ಮುಖ ಬಿಳಿಚಿಕೊಂಡಿತ್ತು. ಅವಳೊಂದು ರೆಟ್ಟೆ, ಚಾಚಾ ಒಂದು ರೆಟ್ಟೆ ಹಿಡಿದು ಎಳೆದರು.

"ಮೊದಲೇ ಒದರಲಾಕ ಏನಾಗಿತ್ತರೀ?" ಎಂದು ಅತ್ತುಕೊಂಡೇ ಬೈದಳು.

"ದಮ್ಮು ಉಳಿಸ್ಕೋಬೇಕು ಅಂತ ಹೇಳ್ಯಾರ," ಎಂದೆ. ಅವಳು ಒಮ್ಮೆ ನನ್ನ ಕೈ ಬಿಟ್ಟೇಬಿಟ್ಟಳು!

ಅಂತೂ ಅರ್ಧ ಒಳಗೆ, ಅರ್ಧ ಹೊರಗೆ, ತಲೆಯ ಮೇಲೆ ಪಾರಿವಾಳದ ಪುಕ್ಕ, ಮೈಯಿಂದ ನೀರು ಸುರಿಯುತ್ತಿದ್ದಾಗ ಕೆಳಗೆ ಗಲ್ಲಿಯಲ್ಲಿ ಒಂದು ಜೀಪು ನಿಂತಿತು. ಔರಾದದವರು ಒಬ್ಬೊಬ್ಬರಾಗಿ ಇಳಿದು, ತಲೆ ಎತ್ತಿ, ತಮ್ಮ ಭಾವೀ ಬೀಗರ ದರ್ಶನ ಪಡೆದರು.

ಒಣ ಧೋತರ ಸುತ್ತಿಕೊಂಡು ಬಂದು ಕೈಮುಗಿದೆ. ಮಗಳು ತಂಬಿಗೆಯಲ್ಲಿ ನೀರು ತಂದಿಟ್ಟಳು. ಹುಡುಗನ ತಾಯಿ ತಂಬಿಗೆ ನೋಡಿದರು, ನನ್ನನ್ನು ನೋಡಿದರು.

"ನೀರು ಬ್ಯಾಡ್ರಿ. ಚಹಾ ಆದ್ರ ಸಾಕು," ಎಂದರು.

ಚಹಾಕ್ಕೂ ಅದೇ ನೀರು ಎಂದು ನಮ್ಮ ಮನೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ.

ಹುಡುಗ ಹುಡುಗಿ ಮಾತಾಡಿದರು, ನಕ್ಕರು, ಒಪ್ಪಿದರು. ಸಂಬಂಧ ಕೂಡಿತು! ನಾನು ಉಬ್ಬಿಹೋದೆ. ಹೊರಡುವಾಗ ಹುಡುಗನ ತಂದೆ ನನ್ನನ್ನು ಪಕ್ಕಕ್ಕೆ ಕರೆದು, ಬಹಳ ಮರ್ಯಾದೆಯಿಂದ ನನ್ನ ಎರಡೂ ಕೈ ಹಿಡಿದುಕೊಂಡರು.

"ಬೀಗರ, ಲಗ್ನ ನಿಮ್ಮ ಮನಸ್ಸಿಗೆ ಬಂದಂಗ ಮಾಡ್ರಿ. ನಮ್ದೇನೂ ತಕರಾರಿಲ್ಲ. ನೀರಿನ ವ್ಯವಸ್ಥಾ ಒಂದು ನಮಗ ಬಿಟ್ಟಬಿಡ್ರಿ."