ಎಡಗಡೆಯ ಕೆಂಪಮ್ಮ

ವುಡ್‌ರಿಡ್ಜಿನ ನಿರಂಜನನ ಮನೆಯಲ್ಲಿ ಅಷ್ಟೆಲ್ಲ ತಂಟೆಗೆ ಕಾರಣವಾದದ್ದು ಒಂದು ಕುರ್ಚಿ. ಹಾಡು ಕೇಳಲೆಂದು ಅವನು ಸಜ್ಜುಗೊಳಿಸಿದ್ದ ಪುಟ್ಟ ಕೋಣೆಯಲ್ಲಿ ಅದೊಂದೇ ಆಸನ. ಎದುರಿಗೆ ಎರಡು ಸ್ಪೀಕರ್. ಅವೆರಡೂ ಕುರ್ಚಿಯೂ ಸೇರಿ ಒಲೆಯ ಮೂರು ಕಲ್ಲಿನ ಹಾಗೆ ಸಮದೂರ. ಗೇಣುದ್ದ ಸರಿದರೂ ಪಾಕ ಕೆಡುತ್ತದೆ.

ಅವನು ಕೇಳಬೇಕಾಗಿದ್ದುದು ಒಂದೇ: ಅಜ್ಜಿ ಕೆಂಪಮ್ಮನೂ ಅವಳ ಗೆಳತಿ ಗಂಗಮ್ಮನೂ ಹಾಡಿದ ಸೋಬಾನೆ. ಕೆಂಪಮ್ಮ ಹಾಡಿನಲ್ಲೇ ಒಂದು ಪ್ರಶ್ನೆ ಎಸೆಯುವಳು, ಗಂಗಮ್ಮ ಉತ್ತರ ಕಟ್ಟುವಳು. ಯಾರೋ ಪುಣ್ಯಾತ್ಮರು ಇಬ್ಬರ ಮುಂದೆಯೂ ಒಂದೊಂದು ಮೈಕ್ ಇಟ್ಟು ಧ್ವನಿ ಹಿಡಿದಿದ್ದರು. ಅಜ್ಜಿಯ ದನಿ ಎಡ ಸ್ಪೀಕರಿನಲ್ಲಿ ಮಾತ್ರ, ಗಂಗಮ್ಮನದು ಬಲದಲ್ಲಿ ಮಾತ್ರ. ಈಗ ಇಬ್ಬರೂ ಇಲ್ಲ. ಅಜ್ಜಿ ತೀರಿಕೊಂಡಾಗ ನಿರಂಜನನ ವೀಸಾ ನವೀಕರಣಕ್ಕೆ ಹೋಗಿತ್ತು. ಈಗ ದೇಶ ಬಿಟ್ಟರೆ ಮರಳುವ ಖಾತ್ರಿಯಿಲ್ಲ ಎಂದ ವಕೀಲ. ಮೊಮ್ಮಗ ಮುದುಕಿಗೆ ಮೂರು ಹಿಡಿ ಮಣ್ಣು ಹಾಕುವುದಕ್ಕೂ ಸರ್ಕಾರದ ಮುದ್ರೆ ಬೇಕು. ಮುದ್ರೆ ಬೀಳಲಿಲ್ಲ, ಅವನು ಹೋಗಲಿಲ್ಲ. ಆ ಇಬ್ಬರ ನಡುವೆ ಒಮ್ಮೆಯಾದರೂ ಕೂರಬೇಕು ಎಂಬ ಆಸೆ ಅಂದಿನಿಂದ ಎದೆ ಕೊರೆಯುತ್ತಿತ್ತು.

ಕೋಣೆ ಸಿದ್ಧವಾದದ್ದು ನಿನ್ನೆ. ಇಂದು ಸಂಜೆಯಿಂದ ಅದು ಅತ್ತೆಯದು. ಹೆಂಡತಿ ಪವಿತ್ರ ಅವರನ್ನು ಕರೆತರಲು ವಿಮಾನ ನಿಲ್ದಾಣಕ್ಕೆ ಹೋಗಿದ್ದಳು. ಉಳಿದದ್ದು ಈ ಹೊತ್ತು ಮಾತ್ರ.

ಕೂತು ಗುಂಡಿ ಒತ್ತಬೇಕು, ಬಾಗಿಲ ಗಂಟೆ ಮೊಳಗಿತು. ಅರ್ಧ ಗಂಟೆ ದೂರದ ಹಾಫ್‌ಮನ್ ಎಸ್ಟೇಟ್ಸ್ ಊರಿನ ನಿವೃತ್ತ ಡಾಕ್ಟರು ಶೇಷಗಿರಿ. ಅವರನ್ನು ಇಳಿಸಿದ ಹೆಂಡತಿ ಇಂದುಮತಿ, "ತರಕಾರಿ ತಗೊಂಡು ಬರ್ತೀನಿ" ಎಂದು ಕಾರು ತಿರುಗಿಸಿದರು.

"ಏನಯ್ಯಾ, ಸೌಂಡ್ ರೂಮ್ ಮಾಡಿದೀಯಂತೆ. ಎಲ್ಲಿ, ತೋರ್ಸು."

ಹಿರಿಯರನ್ನು ನಿಲ್ಲಿಸಿ ತಾನು ಕೂರುವುದುಂಟೇ? "ಕೂತ್ಕೊಳ್ಳಿ ಅಂಕಲ್" ಎನ್ನುವಷ್ಟರಲ್ಲಿ ಅಂಕಲ್ ಕೂತಾಗಿತ್ತು.

"ಎಡಗಡೆ ನಮ್ಮಜ್ಜಿ" ಎಂದು ನಿರಂಜನ ಗುಂಡಿ ಒತ್ತಿದ, ಹಾಡು ಶುರುವಾಯಿತು. ಶೇಷಗಿರಿ ಕಣ್ಣು ಮುಚ್ಚಿ, ಹಲಸಿನ ಹಣ್ಣು ತಟ್ಟಿ ನೋಡುವವರಂತೆ ತಲೆ ಓರೆ ಮಾಡಿದರು. "ಇಲ್ಲ ಕಣಯ್ಯ. ಎಲ್ಲಾ ಬಲಗಡೆಯಿಂದಲೇ ಬರ್ತಿದೆ. ನಿಮ್ಮಜ್ಜೀನ ಸ್ವಲ್ಪ ಮುಂದಕ್ಕೆ ಎಳಿ."

ಎಳೆದ.

"ಇನ್ನೂ. ಗೋಡೆಗೆ ಆ ಕಂಬಳಿ ಯಾಕೆ? ಸೌಂಡ್ ಕುಡಿದ್ಬಿಡುತ್ತೆ, ತೆಗಿ."

"ಅಂಕಲ್, ಎಲ್ಲಾ ಅಳತೆ ಹಾಕೇ ಇಟ್ಟಿದ್ದು..."

"ಟೇಪಿಗೇನಯ್ಯ ಗೊತ್ತಾಗುತ್ತೆ? ಮೂವತ್ತು ವರ್ಷ ಸಂಗೀತ ಸಭಾ ನಡೆಸಿದ ಕಿವಿ ಇದು."

ಕಂಬಳಿ ಇಳಿಯಿತು, ಪುಸ್ತಕದ ಕಪಾಟು ಹಜಾರಕ್ಕೆ ನಡೆಯಿತು. ಎಡಗಡೆಯ ಸ್ಪೀಕರ್ ಅಕ್ಕಿಮೂಟೆ ಏರಿ ಡಾಕ್ಟರ ಮಂಡಿಗೆ ತಾಗಿತು. ಅಷ್ಟರಲ್ಲಿ ಪಕ್ಕದ ಮನೆಯ ಪ್ರಕಾಶ ಗೋಡೆ ಕುಟ್ಟಿ, ಕೊನೆಗೆ ತಾನೇ ಬಂದ.

"ಏನ್ ಗುರೂ, ಯಾರೋ ಅಜ್ಜಿ ನಮ್ ಸೋಫಾ ಮೇಲೇ ಕೂತು ಹಾಡ್ತಿರೋ ಹಂಗಿದೆ."

"ನೀನು ಸುಮ್ನಿರಪ್ಪ, ಸೌಂಡಿನ ವಿಷಯ ನಿನಗೆ ಗೊತ್ತಾಗಲ್ಲ" ಎಂದು ಶೇಷಗಿರಿ ಅವನ ಕೈಯಲ್ಲೂ ಇನ್ನೊಂದು ಮೂಟೆ ಎತ್ತಿಸಿ ಸ್ಪೀಕರನ್ನು ಕಿವಿಯೆತ್ತರಕ್ಕೆ ಏರಿಸಿದರು. ಪ್ರಕಾಶ ಸೊಂಟ ಹಿಡಿದುಕೊಂಡು ಮನೆಗೆ ಹೋದ.

ಮಧ್ಯಾಹ್ನ ಇಳಿಯುವಾಗ ಇಂದುಮತಿ ಬಂದರು. ಗಂಡನ ಕಿವಿಗೆ ಆತುಕೊಂಡಿದ್ದ ಸ್ಪೀಕರ್ ನೋಡಿ ಬಾಗಿಲಲ್ಲೇ ನಿಂತರು.

"ಇದೇನೋ ನಿರಂಜನ್, ಆ ಕಡೆ ಇಟ್ಟಿದೀಯ? ಇವರಿಗೆ ಎಡಗಿವಿ ಕೇಳಿಸದೆ ಎಷ್ಟೋ ವರ್ಷ ಆಯ್ತಲ್ಲೋ."

ನಿರಂಜನ ಡಾಕ್ಟರ ಮುಖ ನೋಡಿದ. ಅಲ್ಲಿ ನಾಚಿಕೆಯ ನೆರಳೂ ಇರಲಿಲ್ಲ.

"ಬಲಗಿವಿ ನೆಟ್ಟಗಿದೆಯಲ್ಲೇ. ಎರಡೂ ಕಡೆ ಕೆಲ್ಸ ಅದೇ ಮಾಡುತ್ತೆ."

ಒಂದೇ ಕಿವಿಯಲ್ಲಿ ಕೇಳಿ, ಕಂಡವರ ಮನೆಯ ಸಾಮಾನೆಲ್ಲ ಸರಿಸುವವರು ನಿರಂಜನನಿಗೆ ಹೊಸಬರಲ್ಲ. ಊರಿನ ಪಂಚಾಯಿತಿ ಕಟ್ಟೆಯ ಮೇಲೂ ಕಂಡಿದ್ದ, ಆಫೀಸಿನ ಮೀಟಿಂಗಿನಲ್ಲೂ ಕಂಡಿದ್ದ. ಎಲ್ಲ ಕಡೆಯೂ ಮೂಟೆ ಹೊತ್ತವನು ತಾನೇ.

ಫೋನು ಮಿಡಿಯಿತು. ಪವಿತ್ರ: "ಲಗೇಜ್ ಬಂತು, ಹೊರಟ್ವಿ. ಮಂಚ ಹಾಕಿದೀರಾ?"

ಇನ್ನೊಂದು ಗಳಿಗೆ ಇದೆ. ಅವನು ಕಂಬಳಿಗೆ ಕೈ ಹಾಕಿದ. ಶೇಷಗಿರಿ ಎದ್ದರು, ಕುರ್ಚಿ ಕೊನೆಗೂ ಖಾಲಿಯಾಯಿತು.

"ನಿಮ್ಮತ್ತೆ ಬಂದ್ಮೇಲೆ ಇವೆಲ್ಲ ಹೇಗೂ ಬೇಸ್‌ಮೆಂಟಿಗೆ ತಾನೇ? ಸುಮ್ನೆ ಧೂಳು ತಿನ್ನುತ್ವೆ. ನಂಗೊಂದು ಕೊಟ್ಟಿರು. ಎರಡು ಬೇಡಪ್ಪ, ನಂಗೆ ಒಂದು ಸಾಕು."

ಹಿರಿಯರೆದುರು 'ಇಲ್ಲ' ಎಂಬ ಮಾತು ಅವನ ಬಾಯಲ್ಲಿ ಹುಟ್ಟಿದ್ದೇ ಇಲ್ಲ. "ತಗೊಂಡ್ ಹೋಗಿ ಅಂಕಲ್" ಎಂದವನೂ ಅವನೇ, ಕೈಗೆ ಹತ್ತಿರವಿದ್ದುದನ್ನು ಹೊತ್ತು ಕಾರಿನಲ್ಲಿಟ್ಟವನೂ ಅವನೇ.

ಒಳಗೆ ಬಂದು ಕುರ್ಚಿಯಲ್ಲಿ ಕೂತ. ಗುಂಡಿ ಒತ್ತಿದ. ಎಡಕ್ಕೆ ಮೌನ. ತುಸು ಹೊತ್ತಿಗೆ ಬಲದಿಂದ ಗಂಗಮ್ಮ ಇಷ್ಟಗಲ ದನಿ ತೆಗೆದು ಉತ್ತರ ಕೊಟ್ಟಳು. ಮತ್ತೆ ಮೌನ. ಮತ್ತೆ ಉತ್ತರ.

ಪ್ರಶ್ನೆ ಕೇಳಬೇಕಾದವಳು ಡಾಕ್ಟರ ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟ್ ಬಿಗಿಸಿಕೊಂಡು, ಮುನ್ನೂರ ಐವತ್ತೈದರ ಹೆದ್ದಾರಿಯಲ್ಲಿ ಹಾಫ್‌ಮನ್ ಎಸ್ಟೇಟ್ಸಿನ ಕಡೆಗೆ ಹೋಗುತ್ತಿದ್ದಳು.